ಕಾಸಿಮೇಡಿನ ಮೀನು ಬುಟ್ಟಿ ಮತ್ತು ಎರಡು ಚಕ್ರ



ಚೆನ್ನೈಯಲ್ಲಿ ವರ್ಷಗಟ್ಟಲೆ ಇದ್ದೂ ಕಾಸಿಮೇಡು ನೋಡದ ಕನ್ನಡಿಗರು ನಮ್ಮಲ್ಲಿ ಬಹಳ ಮಂದಿ. ಸಸ್ಯಾಹಾರಿಗಳಾದರೆ ಮೂಗು ಮುಚ್ಚಿಕೊಂಡಾದರೂ ಒಮ್ಮೆ ಹೋಗಿಬನ್ನಿ. 1856ರಲ್ಲಿ ದಕ್ಷಿಣ ಭಾರತದ ಮೊದಲ ರೈಲು ಹೊರಟ ರಾಯಪುರಂ ನಿಲ್ದಾಣಕ್ಕೆ ಹತ್ತಿರದಲ್ಲೇ ಈ ಮೀನುಗಾರಿಕೆ ಬಂದರು ಇದೆ. ಬೆಳಕು ಹರಿಯುವ ಮೊದಲೇ ಇಲ್ಲಿ ಹರಾಜು ಶುರುವಾಗುತ್ತದೆ. ಆದರೆ ಇವತ್ತಿನ ಮಾತು ಮೀನಿನದಲ್ಲ, ಅದನ್ನು ಊರೊಳಕ್ಕೆ ಹೊತ್ತ ಸೈಕಲ್ಲಿನದು.

ಮೀನು ಹಸಿ ಸರಕು. ಬಂಗಾರದಂತೆ ಪೆಟ್ಟಿಗೆಯಲ್ಲಿಟ್ಟು ಒಳ್ಳೆಯ ಬೆಲೆಗೆ ಕಾಯುವಂತಿಲ್ಲ. ಐಸು ಕರಗಿದಂತೆ ಬೆಲೆಯೂ ಕರಗುತ್ತದೆ. ಬುಟ್ಟಿ ಹೊತ್ತು ನಡೆಯುವವರು ಗಂಟೆಗೆ ನಾಲ್ಕು ಕಿಲೋಮೀಟರ್ ಹೋದಾರು. ಸೈಕಲ್ ತುಳಿಯುವವನು ಅಷ್ಟೇ ಹೊತ್ತಿನಲ್ಲಿ ಹನ್ನೆರಡು ಹೋಗುತ್ತಾನೆ. ದೂರ ಮೂರು ಪಟ್ಟು, ಸರಿ. ಆದರೆ ಅವನಿಗೆ ಸಿಗುವ ಬೀದಿಗಳ ವಿಸ್ತಾರ? ಶಾಲೆಯ ಗಣಿತ ನೆನಪಿಸಿಕೊಳ್ಳಿ, ಒಂಬತ್ತು ಪಟ್ಟು! ರಾಯಪುರದಲ್ಲೇ ಹತ್ತು ಜನರೊಡನೆ ಪೈಪೋಟಿ ಮಾಡಬೇಕಿದ್ದವನು ಪೆರಂಬೂರು, ಪುರಸವಾಕ್ಕಂಗಳಲ್ಲಿ ತನ್ನದೇ ಗಿರಾಕಿಗಳನ್ನು ಹುಡುಕಿಕೊಳ್ಳಬಹುದಾಯಿತು. ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಮನೆ ಮುಂದೆ ಪೋಂ ಪೋಂ ಎಂದು ಹಾರ್ನ್ ಒತ್ತುತ್ತಿದ್ದ ಸೈಕಲ್ಲು ಯಾರಿಗೆ ನೆನಪಿಲ್ಲ?

ಸ್ವಾತಂತ್ರ್ಯಕ್ಕೆ ಮೊದಲು ಒಳ್ಳೆಯ ಸೈಕಲ್ ಎಂದರೆ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದದ್ದು. 1949ರಲ್ಲಿ ಮುರುಗಪ್ಪ ಮನೆತನದವರು ಬ್ರಿಟಿಷ್ ಕಂಪನಿಯೊಂದಿಗೆ ಸೇರಿ ಟಿಐ ಸೈಕಲ್ಸ್ ಆರಂಭಿಸಿದರು. ಕಾರ್ಖಾನೆ ಬಂದದ್ದು ಇದೇ ನಗರದ ಅಂಬತ್ತೂರಿನಲ್ಲಿ. ಹರ್ಕ್ಯುಲಿಸ್, ಬಿಎಸ್‌ಎ ಹೆಸರುಗಳು ಹೀಗೆ ನಮ್ಮ ಪಕ್ಕದ ಊರಿನವಾದವು. ಸೈಕಲ್ ಕೊಂಡ ದುಡ್ಡಿನಲ್ಲಿ ಒಂದು ಪಾಲು ಅಂಬತ್ತೂರಿನ ಕಾರ್ಮಿಕನ ಮನೆ ಸೇರುತ್ತಿತ್ತು. ಆಮೇಲಿನ ಖರ್ಚಂತೂ ಬೀದಿ ದಾಟುತ್ತಲೇ ಇರಲಿಲ್ಲ. ಪಂಕ್ಚರ್ ಹಾಕುವವನು, ಬೆಂಡಾದ ರಿಮ್ಮು ಸರಿಮಾಡುವವನು, ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವವನು, ಎಲ್ಲರೂ ಅಲ್ಲಿಯವರೇ. ಅವರೇ ಸಂಜೆ ಮೀನು ಕೊಳ್ಳುವವರು ಕೂಡ. ಪೆಟ್ರೋಲಿಗೆ ಕೊಟ್ಟ ರೂಪಾಯಿ ಹೀಗೆ ಬೀದಿಗೆ ತಿರುಗಿ ಬರುವುದು ಕಡಿಮೆ.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ತಮಿಳುನಾಡಿನ ಕರಾವಳಿಯಲ್ಲಿ ಮೀನು ಮಾರಾಟ ಹಿಂದಿನಿಂದಲೂ ಹೆಂಗಸರ ಕಸುಬು. ಆದರೆ ಸೈಕಲ್ ಏರಿದವರು ಗಂಡಸರು. ತಲೆಹೊರೆಯ ಹೆಂಗಸು ಮೊದಲ ಬೀದಿ ಮುಗಿಸುವಷ್ಟರಲ್ಲಿ ಸೈಕಲ್ಲಿನವನು ಮೂರನೆಯದನ್ನು ಮುಗಿಸಿರುತ್ತಿದ್ದ. ನೀರು ಸೋರುವ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರು ಒಪ್ಪುವುದೂ ಕಷ್ಟ. ಸೈಕಲ್ಲಿನ ಲಾಭ ಎಲ್ಲರಿಗೂ ಸಮನಾಗಿ ಹಂಚಿಕೆಯಾಯಿತು ಎಂದರೆ ಅದು ಸುಳ್ಳು.

ಹಾಗಾದರೆ ಹೆಂಗಸರ ಕೈಗೆ ಸೈಕಲ್ ಸಿಕ್ಕಿದ್ದರೆ? ಉತ್ತರ ಇದೇ ರಾಜ್ಯದ ಪುದುಕ್ಕೋಟ್ಟೈ ಜಿಲ್ಲೆಯಲ್ಲಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಅರಿವೊಳಿ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಆಗ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಇದಕ್ಕೆ ಒತ್ತಾಸೆಯಾಗಿ ನಿಂತರು. ಪತ್ರಕರ್ತ ಪಿ. ಸಾಯಿನಾಥ್ ಬರೆದಂತೆ, ಲಕ್ಷಕ್ಕೂ ಮೀರಿ ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಿಗದೆ ಗಂಡಸರ ಸೈಕಲ್ಲನ್ನೇ ಕೊಂಡವರೂ ಇದ್ದರು. ಬಸ್ಸಿಗೆ ಕಾಯುವ ಹೊತ್ತು ಉಳಿಯಿತು, ಸಾಮಾನು ಮಾರಲು ಒಂದು ಊರಿನ ಬದಲು ಹಲವು ಊರು ಸಿಕ್ಕಿದವು. ಕಾಸಿಮೇಡಿನ ಹೆಂಗಸರಿಗೆ ಇಂಥದೊಂದು ಯೋಜನೆ ಇಪ್ಪತ್ತು ವರ್ಷ ಮೊದಲೇ ಬರಬಾರದಿತ್ತೇ ಎನಿಸುತ್ತದೆ ನನಗೆ.

ಅಷ್ಟರಲ್ಲಿ 1980ರಲ್ಲಿ, ನಮ್ಮ ಗಡಿಗಂಟಿದ ಹೊಸೂರಿನಿಂದ ಟಿವಿಎಸ್ 50 ಹೊರಟಿತ್ತು. ಹೆಚ್ಚು ಹೊರೆ, ಹೆಚ್ಚು ದೂರ, ಕಾಲಿಗೂ ಸುಖ. ಮೀನಿನವರು ಒಬ್ಬೊಬ್ಬರಾಗಿ ಅದಕ್ಕೆ ಬದಲಾದರು, ಅವರನ್ನು ದೂರುವಂತಿಲ್ಲ. ಆದರೆ 2017ರಿಂದ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮಾರಲು ಮೀನು ಕಡಿಮೆ, ಸಾಲದಲ್ಲಿ ಕೊಂಡ ಗಾಡಿಯ ಕಂತು ಮಾತ್ರ ತಪ್ಪುವುದಿಲ್ಲ. ಸೈಕಲ್ಲಾದರೆ ಗೋಡೆಗೆ ಒರಗಿ ಸುಮ್ಮನೆ ನಿಂತಿರುತ್ತಿತ್ತು.