ಬ್ಯಾರಿಯನ್ನು ಮತ್ತೆ ಗೆಲ್ಲಿಸಿದ್ದೇಕೆ?

ಎಚ್‌ಬಿಒ 2009ರಲ್ಲಿ ತೋರಿಸಿದ ‘ದಿ ನೈನ್ ಲೈವ್ಸ್ ಆಫ್ ಮೇರಿಯನ್ ಬ್ಯಾರಿ’ ಸಾಕ್ಷ್ಯಚಿತ್ರ ನೋಡಿದಾಗಿನಿಂದ ಒಂದು ಪ್ರಶ್ನೆ ತಲೆ ಕೊರೀತಾ ಇದೆ. ಹೋಟೆಲ್ ಕೋಣೆಯಲ್ಲಿ ಕ್ರ್ಯಾಕ್ ಕೊಕೇನ್ ಸೇದಿ ಎಫ್‌ಬಿಐ ಕ್ಯಾಮೆರಾಗೆ ಸಿಕ್ಕಿಬಿದ್ದ ಮೇಯರನ್ನ ವಾಷಿಂಗ್ಟನ್ ಜನ ಮತ್ತೆ ಗೆಲ್ಲಿಸಿದ್ದೇಕೆ?

ಹೊರಗಿನವರಿಗೆ ನೆನಪಿರೋದು 1990ರ ಜನವರಿಯ ಆ ವಿಡಿಯೋ ಮಾತ್ರ. ಊರಿನವರ ನೆನಪು ಇನ್ನೂ ಹಿಂದಕ್ಕೆ ಹೋಗುತ್ತೆ. ಮಿಸಿಸಿಪ್ಪಿಯ ಬಡ ಗೇಣಿದಾರನ ಮಗ ಈತ. ವರ್ಣಭೇದದ ವಿರುದ್ಧ ವಿದ್ಯಾರ್ಥಿಗಳು 1960ರಲ್ಲಿ ಕಟ್ಟಿದ ಎಸ್‌ಎನ್‌ಸಿಸಿಯ ಮೊದಲ ಅಧ್ಯಕ್ಷ. 1979ರಲ್ಲಿ ಮೇಯರ್ ಆದವನೇ ಬೇಸಿಗೆ ರಜೆಯಲ್ಲಿ ಹುಡುಗ ಹುಡುಗಿಯರಿಗೆ ಕೆಲಸ ಕೊಡಿಸಿದ. ಮೊದಲ ಸಂಬಳ ಎಣಿಸಿದವರು ಅದನ್ನ ಮರೀತಾರಾ?

ಹಾಗಂತ ಎಲ್ಲವನ್ನೂ ಮಾಫಿ ಮಾಡೋಕಾಗಲ್ಲ. ಮೇಯರ್ ಗುಟ್ಟಾಗಿ ಸೇದುತ್ತಿದ್ದ ಅದೇ ಕ್ರ್ಯಾಕ್, ಆತನಿಗೆ ಓಟು ಹಾಕಿದ ಬಡ ಕೇರಿಗಳಲ್ಲೇ ಹೆಣ ಉರುಳಿಸುತ್ತಿತ್ತು. ಆರು ತಿಂಗಳ ಜೈಲುಶಿಕ್ಷೆಯ ನಂತರ 1992ರಲ್ಲಿ ಕೌನ್ಸಿಲ್ ಸದಸ್ಯ, 1995ರಲ್ಲಿ ಮತ್ತೆ ಮೇಯರ್! ಅದೇ ವರ್ಷ, ದಿವಾಳಿಯಂಚಿಗೆ ಬಂದಿದ್ದ ನಗರದ ಹಣಕಾಸಿನ ಮೇಲೆ ಅಮೆರಿಕದ ಸಂಸತ್ತು ಒಂದು ಮಂಡಳಿಯನ್ನ ಕೂರಿಸಿತು. 1974ರಲ್ಲಷ್ಟೇ ಮೇಯರನ್ನ ಆರಿಸೋ ಹಕ್ಕು ಪಡೆದಿದ್ದ ಊರು ಅದು.

2014ರಲ್ಲಿ ಬ್ಯಾರಿ ತೀರಿಕೊಂಡ. 2018ರಲ್ಲಿ ನಗರಾಡಳಿತದ ಕಟ್ಟಡದ ಮುಂದೆ ಪ್ರತಿಮೆಯೂ ನಿಂತಿತು. ಜನ ಮೋಸಹೋಗಿರಲಿಲ್ಲ, ಋಣ ತೀರಿಸಿದರು ಅಂತಲೇ ನನ್ನ ಅನಿಸಿಕೆ. ಆದರೆ ಋಣಕ್ಕೆ ಓಟನ್ನೇ ಕೊಡಬೇಕಿತ್ತಾ? ನೀವೇನಂತೀರಿ?