ಕಾವಲೇ ಸುಲಿಗೆಯಾದ ಕಾಲ

ರಾಯಲಸೀಮೆಯ ಜನರು ಸ್ವಭಾವತಃ ಕಲಹಪ್ರಿಯರೆಂಬ ಮಾತು ನಮ್ಮ ವಿದ್ಯಾರ್ಥಿಗಳ ಕಿವಿಗೆ ಆಗಾಗ ಬೀಳುತ್ತದೆ. ಹಿಂದೂಪುರ, ಕಲ್ಯಾಣದುರ್ಗಗಳ ಮಣ್ಣಿನಲ್ಲಿಯೇ ಏನೋ ದೋಷವಿದೆಯೆಂಬಂತೆ ಆಡುವವರೂ ಉಂಟು. ಈ ಮಾತನ್ನು ಇತಿಹಾಸವು ಒಪ್ಪುವುದೇ ಎಂಬುದನ್ನು ವಿಚಾರಿಸಿ ನೋಡುವುದು ಉಪಾಧ್ಯಾಯರಾದ ನಮ್ಮೆಲ್ಲರ ಕರ್ತವ್ಯವಾಗಿದೆ.

ವಿಜಯನಗರದ ಅರಸರ ಕಾಲದಲ್ಲಿ ಪಾಳೆಯಗಾರನು ಒಂದು ವ್ಯವಸ್ಥೆಯ ಅಂಗವಾಗಿದ್ದನು. ಅರಸನಿಗೆ ಕಪ್ಪವನ್ನೂ ಕಾಳಗಕ್ಕೆ ಆಳುಗಳನ್ನೂ ಒದಗಿಸುವುದು, ದಾರಿಗಳನ್ನು ಕಾಯುವುದು, ಕಳವಾದ ಸೊತ್ತನ್ನು ಹುಡುಕಿಸುವುದು ಅವನ ಹೊಣೆ. ಅದಕ್ಕೆ ಪ್ರತಿಯಾಗಿ ಊರವರು ಅವನಿಗೆ ಕಾವಲಿಯ ಹಣ ತೆರುತ್ತಿದ್ದರು. ಅವನು ತಪ್ಪಿದರೆ ಕೇಳುವ ಒಡೆಯನೊಬ್ಬನು ಮೇಲಿದ್ದನು.

1565ರ ತಾಳೀಕೋಟೆಯ ಯುದ್ಧದಿಂದ ಆ ಮೇಲಿನ ಕೈ ಸಡಿಲಿತು. ರಾಜಧಾನಿ ಪೆನುಕೊಂಡೆಗೆ ಸರಿಯಿತು, ಅಲ್ಲಿಯೂ ನಿಲ್ಲಲಿಲ್ಲ. ಬಿಜಾಪುರದವರು, ಮೊಗಲರು, ಗುತ್ತಿಯ ಮುರಾರಿರಾಯ, ಹೈದರ್, ಟಿಪ್ಪು, ನಿಜಾಮ, ಹೀಗೆ ಒಬ್ಬರ ಹಿಂದೆ ಒಬ್ಬರು ಬಂದರು. ಬಂದವರೆಲ್ಲರೂ ಕಂದಾಯ ಕೇಳಿದರು. ನ್ಯಾಯ ಕೊಡಲು ನಿಂತವರು ವಿರಳ. ಪಾಳೆಯಗಾರನ ಬಳಿ ಆಯುಧವಿತ್ತು, ಆಳುಗಳಿದ್ದರು. ಕೇಳುವವರು ಮಾತ್ರ ಇರಲಿಲ್ಲ. ಆಗ ಕಾವಲಿಯ ಅರ್ಥವೇ ಬದಲಾಯಿತು. ಹಣ ಕೊಟ್ಟ ಊರು ಉಳಿಯಿತು. ಕೊಡದ ಊರನ್ನು ಕಾಯಬೇಕಾದವರೇ ಕೊಳ್ಳೆಹೊಡೆದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ರೈತನು ಸರಕಾರಕ್ಕೊಂದು, ಪಾಳೆಯಗಾರನಿಗೊಂದು, ಎರಡು ತೆರಿಗೆ ತೆತ್ತನು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಒಪ್ಪಿಸಿದನು. ದತ್ತಮಂಡಲವೆಂಬ ಹೆಸರು ಬಂದುದು ಅದರಿಂದಲೇ. ಮೊದಲ ಪ್ರಧಾನ ಕಲೆಕ್ಟರನಾದ ಥಾಮಸ್ ಮನ್ರೋ ಬಂದಾಗ ಇಲ್ಲಿ ಸುಮಾರು 80 ಮಂದಿ ಪಾಳೆಯಗಾರರೂ ಅವರ ಕೈಕೆಳಗೆ ಸುಮಾರು 30,000 ಶಸ್ತ್ರಧಾರಿಗಳೂ ಇದ್ದರೆಂದು ಲೆಕ್ಕ. ಸೈನ್ಯಬಲದಿಂದ ಅವರನ್ನು ಅಡಗಿಸಿ, ಕೆಲವರಿಗೆ ವರ್ಷಾಶನ ಗೊತ್ತುಮಾಡಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ಪದ್ಧತಿಯನ್ನು ಮನ್ರೋ ನೆಲೆಗೊಳಿಸಿದನು. ಆದರೆ ಪಾಳೆಯಗಾರರನ್ನು ಬರಿಯ ದರೋಡೆಗಾರರೆಂದು ಬರೆಯುವುದರಲ್ಲಿ ಕಂಪೆನಿಗೆ ಸ್ವಾರ್ಥವೂ ಇತ್ತೆಂಬುದನ್ನು ಮರೆಯಬಾರದು. ಕೆರೆ ಕಟ್ಟಿಸಿದವರೂ ಗುಡಿ ಕಟ್ಟಿಸಿದವರೂ ಅವರಲ್ಲಿದ್ದರು.

ರೋಗದ ಮೂಲವನ್ನು ಬಿಟ್ಟು ರೋಗಿಯನ್ನೇ ದೂರಿದ ಸಂಗತಿಯೂ ಮುಂದೆ ನಡೆಯಿತು. ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚರೇ ಮೊದಲಾದವರ ಬದುಕನ್ನು ಸರಕಾರದ ಉಪ್ಪಿನ ಕಾಯಿದೆಗಳೂ ರೈಲುಮಾರ್ಗಗಳೂ ಕೆಡಿಸಿದವು. 1876-78ರ ಘೋರ ಕ್ಷಾಮವು ಉಳಿದುದನ್ನೂ ಕಸಿಯಿತು. ಹೊಸ ಜೀವನೋಪಾಯವನ್ನು ತೋರಿಸಬೇಕಾಗಿದ್ದ ಸರಕಾರವು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮಾರ್ಗ ಹಿಡಿಯಿತು. 1911ರಲ್ಲಿ ಅದು ಮದರಾಸು ಪ್ರಾಂತಕ್ಕೂ ಬಂದಿತು. ಹುಟ್ಟಿದ ಮಗುವೂ ಕಳ್ಳನೆನಿಸಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಿತು. ಕಳಂಕವು ಅಷ್ಟು ಬೇಗ ಅಳಿಯಲಿಲ್ಲ.

ಇದು ನಮ್ಮ ಸೀಮೆಗೆ ಮಾತ್ರ ಸಂಬಂಧಿಸಿದ ಕಥೆಯಲ್ಲ. ಇಟಲಿಯ ಸಿಸಿಲಿ ದ್ವೀಪದಲ್ಲಿ 1812ರಲ್ಲಿ ಹಳೆಯ ಜಹಗೀರು ಪದ್ಧತಿ ರದ್ದಾದಾಗ ಅದರ ಸ್ಥಾನದಲ್ಲಿ ದೃಢವಾದ ನ್ಯಾಯವ್ಯವಸ್ಥೆ ತಲೆಯೆತ್ತಲಿಲ್ಲ. ಹೊಲತೋಟಗಳ ಕಾವಲುಗಾರರೂ ಗುತ್ತಿಗೆದಾರರೂ ರಕ್ಷಣೆಯನ್ನೇ ವ್ಯಾಪಾರ ಮಾಡಿಕೊಂಡರು. ಮಾಫಿಯಾ ಬೆಳೆದುದು ಆ ತೆರವಿನಲ್ಲಿ. ಅಮೆರಿಕದ ಶಿಕಾಗೋ ನಗರವನ್ನು ಕುರಿತು ಷಾ ಮತ್ತು ಮೆಕೆ ಎಂಬ ವಿದ್ವಾಂಸರು 1942ರಲ್ಲಿ ಪ್ರಕಟಿಸಿದ ಗ್ರಂಥವು ಇನ್ನೊಂದು ಸತ್ಯವನ್ನು ತೋರಿಸಿತು. ಕೆಲವು ಕೇರಿಗಳಲ್ಲಿ ವಾಸಿಸುವ ಜನಾಂಗಗಳು ಬದಲಾದರೂ ಬಾಲಾಪರಾಧದ ಪ್ರಮಾಣ ಹೆಚ್ಚಾಗಿಯೇ ಉಳಿದಿತ್ತು. ದೋಷವು ಜನರ ರಕ್ತದಲ್ಲಿರಲಿಲ್ಲ; ಬಡತನ, ವಲಸೆ ಮತ್ತು ನೆರೆಹೊರೆಯ ಶಿಥಿಲತೆಗಳಲ್ಲಿತ್ತು.

ಹಿಂದೂಪುರವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗವು ಅನಂತಪುರದಲ್ಲಿದೆ. ಜಿಲ್ಲೆ ಬೇರೆಯಾದರೂ ಚರಿತ್ರೆ ಒಂದೇ. ಎರಡೂ ಕಡೆಯ ಹಳ್ಳಿಗಳಲ್ಲಿ ಅಲ್ಲಲ್ಲಿ ಹಳೆಯ ಬುರುಜುಗಳು ಕುಸಿದು ನಿಂತಿವೆ. ಇವನ್ನು ಊರವರು ಏಕೆ ಕಟ್ಟಿಕೊಂಡರು, ಯಾರಿಗೆ ಅಂಜಿ ಕಟ್ಟಿಕೊಂಡರು ಎಂದು ಮಕ್ಕಳನ್ನು ಕೇಳೋಣ. ನ್ಯಾಯಸ್ಥಾನವು ಹತ್ತಿರವಿದ್ದು, ಕೈಗೆ ಕೆಲಸವಿದ್ದು, ನೆರೆಯವನಲ್ಲಿ ನಂಬಿಕೆಯಿದ್ದರೆ ಬುರುಜು ಬೇಕಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಅವರೇ ಮುಂದೆ ಕೇಳುವರು. ಕಲಹವು ತಮ್ಮ ಹುಟ್ಟುಗುಣವಲ್ಲವೆಂಬುದನ್ನು ಆಗ ಅವರು ಸ್ವಂತ ವಿಚಾರದಿಂದಲೇ ಅರಿತುಕೊಳ್ಳುವರು.