ಮನೆಯ ವೈ-ಫೈ ರೂಟರಿಗೆ ಹೊಸ ಫರ್ಮ್‌ವೇರ್: ಏಕೆ, ಯಾವಾಗ, ಹೇಗೆ?

ಗ್ಯಾಸ್ ಒಲೆಯ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ಅದರ ಅವಧಿಯನ್ನು ಕೊಳವೆಯ ಮೇಲೆಯೇ ಮುದ್ರಿಸಿರುತ್ತಾರೆ. ಮನೆಯ ಮೂಲೆಯಲ್ಲಿ ಹಗಲಿರುಳು ಮಿನುಗುವ ವೈ-ಫೈ ರೂಟರಿಗೂ ಇಂಥದೊಂದು ಅವಧಿಯುಂಟು. ಆದರೆ ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಮುದ್ರಿಸುವುದಿಲ್ಲ. ದೀಪ ಉರಿಯುತ್ತಿದೆ, ಮೊಬೈಲಿನಲ್ಲಿ ಚಿತ್ರ ಬರುತ್ತಿದೆ ಎಂದರೆ ಎಲ್ಲವೂ ಸರಿಯಿದೆಯೆಂದೇ ನಾವು ಭಾವಿಸುತ್ತೇವೆ. ತಯಾರಕರು ಕೈಬಿಟ್ಟ ಇಂಥ ಪೆಟ್ಟಿಗೆಗೆ ಮರುಜೀವ ನೀಡುವ ಒಂದು ದಾರಿ ಎಂದರೆ ಹೊರಗಿನವರು ಸಿದ್ಧಪಡಿಸಿದ ಫರ್ಮ್‌ವೇರನ್ನು ಅದಕ್ಕೆ ಅಳವಡಿಸುವುದು. ಅದರ ಹಿನ್ನೆಲೆ, ಪ್ರಯೋಜನ, ಅಪಾಯ ಮತ್ತು ಕ್ರಮವನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಫರ್ಮ್‌ವೇರ್ ಎಂದರೇನು?

ರೂಟರ್ ಒಂದು ಪುಟ್ಟ ಗಣಕಯಂತ್ರವೇ ಸರಿ. ಅದರೊಳಗೆ ಒಂದು ಸಂಸ್ಕಾರಕ, ಕೆಲಸ ಮಾಡುವಾಗ ಬಳಸುವ ರ್‍ಯಾಮ್, ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್ ಸ್ಮೃತಿ ಮತ್ತು ರೇಡಿಯೋ ಚಿಪ್ ಇರುತ್ತವೆ. ಫ್ಲ್ಯಾಶ್ ಸ್ಮೃತಿಯಲ್ಲಿ ಕುಳಿತು ಇವೆಲ್ಲವನ್ನೂ ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು, ಬ್ಯಾಂಕಿನ ಜಾಲತಾಣದ ಹೆಸರು ಬರೆದಾಗ ಅದರ ನಿಜವಾದ ವಿಳಾಸವನ್ನು ಯಾರಲ್ಲಿ ಕೇಳಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಇದೇ.

ಯಾವ ತಂತ್ರಾಂಶದಲ್ಲಿಯೂ ಕಾಲಕ್ರಮದಲ್ಲಿ ದೋಷಗಳು ಪತ್ತೆಯಾಗುತ್ತವೆ. ತಯಾರಕರು ಕೆಲವು ವರ್ಷ ತೇಪೆ ಹಾಕುತ್ತಾರೆ. ಅನಂತರ ಹೊಸ ಮಾದರಿಯತ್ತ ಹೊರಳುತ್ತಾರೆ. ಹಳೆಯ ದೋಷಗಳು ಹಾಗೆಯೇ ಉಳಿಯುತ್ತವೆ. ಇದು ಬರಿಯ ಊಹೆಯ ಮಾತಲ್ಲ. 2011ರಲ್ಲಿ ಬ್ರೆಜಿಲ್ ದೇಶದಲ್ಲಿ ಸುಮಾರು 45 ಲಕ್ಷ ಅಂತರ್ಜಾಲ ಮೋಡೆಮ್‌ಗಳ ಒಳಹೊಕ್ಕ ವಂಚಕರು, ಅವು ವಿಳಾಸ ವಿಚಾರಿಸುವ ಜಾಗವನ್ನೇ ಬದಲಿಸಿಬಿಟ್ಟರು. ಬಳಕೆದಾರರು ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಬರೆದರೂ ತೆರೆಯುತ್ತಿದ್ದುದು ನಕಲಿ ಪುಟ. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರು ಮತ್ತಿತರ ಉಪಕರಣಗಳನ್ನು ಸೇರಿಕೊಂಡಿತ್ತು. ಗಣಕಯಂತ್ರಕ್ಕೆ ವೈರಸ್ ನಿರೋಧಕ ಹಾಕಿಕೊಂಡು, ಗುಪ್ತಪದವನ್ನು ಯಾರಿಗೂ ಹೇಳದೆ ಜಾಗರೂಕರಾಗಿದ್ದರೂ ಹೆಬ್ಬಾಗಿಲಿನ ಅಗುಳಿಯೇ ಸಡಿಲವಾಗಿದ್ದರೆ ಪ್ರಯೋಜನ ಕಡಿಮೆ.

ಒಂದು ನೀಲಿ ಪೆಟ್ಟಿಗೆಯ ಕಥೆ

ಈ ಹವ್ಯಾಸದ ಮೂಲ ಅಮೆರಿಕದ ಲಿಂಕ್‌ಸಿಸ್ ಕಂಪನಿ 2002ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಬಣ್ಣದ ರೂಟರಿನಲ್ಲಿದೆ. 2003ರಲ್ಲಿ ಸಿಸ್ಕೋ ಸಂಸ್ಥೆ ಲಿಂಕ್‌ಸಿಸ್ ಕಂಪನಿಯನ್ನು ಕೊಂಡುಕೊಂಡಿತು. ಅದೇ ವರ್ಷ ಕೆಲವು ತಂತ್ರಜ್ಞರು ಈ ಪೆಟ್ಟಿಗೆಯ ಫರ್ಮ್‌ವೇರಿನಲ್ಲಿ ಲಿನಕ್ಸ್ ಇರುವುದನ್ನು ಪತ್ತೆಹಚ್ಚಿದರು. ಲಿನಕ್ಸ್ ಜಿಪಿಎಲ್ ಎಂಬ ಪರವಾನಗಿಗೆ ಒಳಪಟ್ಟ ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ತಿದ್ದಿದ್ದನ್ನು ಇತರರಿಗೆ ಹಂಚುವವರು ಅದರ ಮೂಲ ಸಂಕೇತವನ್ನೂ ಕೊಡಬೇಕು. ಒತ್ತಾಯ ಬಲವಾದಾಗ ಕಂಪನಿಯು 2003ರಲ್ಲಿಯೇ ಮೂಲ ಸಂಕೇತವನ್ನು ಬಿಡುಗಡೆ ಮಾಡಿತು.

ಆ ಸಂಕೇತದ ಬುನಾದಿಯ ಮೇಲೆ 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಆರಂಭವಾಯಿತು. ಅದರ ಹೆಸರಿನ ಉತ್ತರಾರ್ಧ ಬಂದಿರುವುದು ಆ ನೀಲಿ ಪೆಟ್ಟಿಗೆಯ ಮಾದರಿಯಿಂದಲೇ. ಅದರ ಬೆನ್ನಿಗೆ 2005ರಲ್ಲಿ ಡಿಡಿ-ಡಬ್ಲ್ಯುಆರ್‌ಟಿ, 2006ರಲ್ಲಿ ಟೊಮೇಟೊ ಬಂದವು.

2005ರ ಕೊನೆಗೆ ಬಂದ ಐದನೆಯ ಆವೃತ್ತಿಯಲ್ಲಿ ಕಂಪನಿಯು ಲಿನಕ್ಸನ್ನು ಕೈಬಿಟ್ಟಿತು. ಫ್ಲ್ಯಾಶ್ ಸ್ಮೃತಿಯನ್ನು 4 ಮೆಗಾಬೈಟಿನಿಂದ 2ಕ್ಕೂ, ರ್‍ಯಾಮನ್ನು 16ರಿಂದ 8ಕ್ಕೂ ಇಳಿಸಿತು. ಹವ್ಯಾಸಿಗಳಿಗೆ ನಿರಾಸೆಯಾದರೂ ಅವರ ಸಂಖ್ಯೆಯನ್ನು ಅಲಕ್ಷಿಸುವಂತಿರಲಿಲ್ಲ. ಆದ್ದರಿಂದ ಹಳೆಯ ಯಂತ್ರಾಂಶವನ್ನೇ ಉಳಿಸಿಕೊಂಡ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಮಾದರಿಯನ್ನು ಪ್ರತ್ಯೇಕವಾಗಿ ಮಾರಲಾಯಿತು. ಪರವಾನಗಿಯ ಷರತ್ತುಗಳ ಕುರಿತ ತಕರಾರು ಮಾತ್ರ ಮುಗಿಯಲಿಲ್ಲ; 2008ರ ಡಿಸೆಂಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೋ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2009ರ ಮೇ ತಿಂಗಳಲ್ಲಿ ರಾಜಿಯಾಯಿತು.

ಓಪನ್‌ಡಬ್ಲ್ಯುಆರ್‌ಟಿ ಬಳಗದಲ್ಲಿಯೂ ಭಿನ್ನಾಭಿಪ್ರಾಯಗಳುಂಟಾಗಿ 2016ರಲ್ಲಿ ಒಂದು ಗುಂಪು ಬೇರೆಯಾಯಿತು. 2018ರಲ್ಲಿ ಮತ್ತೆ ಒಂದಾಯಿತು. 2024ರ ನವೆಂಬರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ವನ್ ಎಂಬ, ಈ ಫರ್ಮ್‌ವೇರಿಗೆಂದೇ ವಿನ್ಯಾಸಗೊಂಡ ರೂಟರು ಹೊರಬಂದಿತು. ಇನ್ನೊಬ್ಬರ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರು ಇಪ್ಪತ್ತು ವರ್ಷಗಳಲ್ಲಿ ತಮ್ಮದೇ ಪೆಟ್ಟಿಗೆಯನ್ನು ಮಾಡಿಸುವ ಮಟ್ಟಕ್ಕೆ ಬೆಳೆದರು.

ಏನು ಲಾಭ? ಏನು ಲಾಭವಿಲ್ಲ?

ಮೊದಲನೆಯ ಲಾಭ ಆಯುಷ್ಯ. ತಯಾರಕರು ಮರೆತ ಎಷ್ಟೋ ಮಾದರಿಗಳಿಗೆ ಈ ಬಳಗದವರು ಇನ್ನೂ ದೋಷ ನಿವಾರಣೆ ಮಾಡುತ್ತಿದ್ದಾರೆ.

ಎರಡನೆಯದು ಸರದಿಯ ಶಿಸ್ತು. ಮಗಳು ಪಾಠದ ವಿಡಿಯೋವನ್ನು ಮೇಲಕ್ಕೆ ಕಳುಹಿಸುತ್ತಿರುವಾಗ ಊರಿನಲ್ಲಿರುವ ಅಜ್ಜಿಯೊಡನೆ ನಡೆಯುತ್ತಿದ್ದ ವಿಡಿಯೋ ಕರೆ ತಡವರಿಸುವುದು ಅನೇಕ ಮನೆಗಳ ಅನುಭವ. ವೇಗ ಸಾಲದೆ ಹೀಗಾಗುತ್ತದೆಂದು ದುಬಾರಿ ಯೋಜನೆ ಕೊಳ್ಳುವವರುಂಟು. ಬಹಳಷ್ಟು ಸಲ ಕಾರಣ ಬೇರೆ: ಮಾಹಿತಿಯ ಕಟ್ಟುಗಳು ರೂಟರು, ಮೋಡೆಮ್‌ಗಳಲ್ಲಿ ಉದ್ದನೆಯ ಸರತಿಯಲ್ಲಿ ನಿಂತುಬಿಡುತ್ತವೆ. ಈ ಸರತಿಯನ್ನು ಹಿಡಿತದಲ್ಲಿಡುವ ಕೋಡೆಲ್ ಎಂಬ ಕ್ರಮವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು. ಅದರ ಸುಧಾರಿತ ರೂಪಗಳು ಓಪನ್‌ಡಬ್ಲ್ಯುಆರ್‌ಟಿಯಲ್ಲಿ ದೊರೆಯುತ್ತವೆ. ಎಸ್‌ಕ್ಯುಎಂ ಎಂಬ ಪೊಟ್ಟಣವನ್ನು ಅಳವಡಿಸಿ, ಸಂಪರ್ಕದ ನಿಜವಾದ ವೇಗದ ಶೇಕಡಾ 80ರಿಂದ 95ರೊಳಗೆ ಮಿತಿಯನ್ನು ನಿಗದಿಪಡಿಸಿದರೆ ಕರೆ ಮತ್ತು ಪಾಠ ಎರಡೂ ಸುಗಮವಾಗುತ್ತವೆ.

ಇವಲ್ಲದೆ ಅತಿಥಿಗಳಿಗೆ ಪ್ರತ್ಯೇಕ ವೈ-ಫೈ, ಹಳೆಯ ರೂಟರನ್ನು ಒಳಕೋಣೆಗೆ ಸಂಕೇತ ತಲುಪಿಸುವ ಉಪಕೇಂದ್ರವಾಗಿಸುವುದು ಮೊದಲಾದ ಅನುಕೂಲಗಳಿವೆ.

ಹೊಸ ಫರ್ಮ್‌ವೇರ್ ಹಾಕಿದೊಡನೆ ವೇಗ ಇಮ್ಮಡಿಯಾಗುತ್ತದೆ ಎಂಬುದು ಮಾತ್ರ ಸುಳ್ಳು. ಕೆಲವು ರೂಟರುಗಳಲ್ಲಿ ತಯಾರಕರ ಗುಪ್ತ ಚಾಲಕ ತಂತ್ರಾಂಶದಿಂದ ದೊರೆಯುತ್ತಿದ್ದ ವೇಗ ಕಡಿಮೆಯಾಗುವುದೂ ಉಂಟು. ಬ್ರಾಡ್‌ಕಾಮ್ ಚಿಪ್ ಇರುವ ಹಲವು ಮಾದರಿಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿಗೆ ವೈ-ಫೈ ಭಾಗವನ್ನು ಚೆನ್ನಾಗಿ ನಡೆಸಲಾಗದು. ಮೀಡಿಯಾಟೆಕ್ ಮತ್ತು ಕ್ವಾಲ್‌ಕಾಮ್ ಅಥೆರಾಸ್ ಚಿಪ್‌ಗಳ ಸ್ಥಿತಿ ಸಾಮಾನ್ಯವಾಗಿ ಉತ್ತಮ.

ಯಾವ ಪೆಟ್ಟಿಗೆಗೆ ಹಾಕಬಹುದು?

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯಿದು. ಪೆಟ್ಟಿಗೆಯನ್ನು ಮಗುಚಿ, ಅಡಿಯಲ್ಲಿರುವ ಚೀಟಿಯಲ್ಲಿ ಮಾದರಿಯ ಹೆಸರಿನೊಂದಿಗೆ ಯಂತ್ರಾಂಶದ ಆವೃತ್ತಿಯನ್ನೂ ಓದಿಕೊಳ್ಳಬೇಕು. ಹೊರಗಿನ ರೂಪ, ಹೆಸರು ಒಂದೇ ಆದರೂ ಒಳಗಿನ ಸರಕು ಬೇರೆಯಿರಬಹುದು. ನಮ್ಮ ದೇಶದಲ್ಲಿ ಬಹಳ ಮಾರಾಟವಾದ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಆರ್841ಎನ್ ಮಾದರಿಯ 13ನೆಯ ಆವೃತ್ತಿಯಲ್ಲಿ 8 ಮೆಗಾಬೈಟ್ ಫ್ಲ್ಯಾಶ್, 64 ಮೆಗಾಬೈಟ್ ರ್‍ಯಾಮ್ ಇದ್ದವು. ಅನಂತರದ 14ನೆಯ ಆವೃತ್ತಿಯಲ್ಲಿ ಅವು 4 ಮತ್ತು 32ಕ್ಕೆ ಇಳಿದವು. ನೀಲಿ ಪೆಟ್ಟಿಗೆಯ ಕಥೆಯೇ ಇಲ್ಲಿಯೂ ಮರುಕಳಿಸಿದೆ.

ಓಪನ್‌ಡಬ್ಲ್ಯುಆರ್‌ಟಿಯ ಈಚಿನ ಆವೃತ್ತಿಗಳಿಗೆ 4 ಮೆಗಾಬೈಟ್ ಫ್ಲ್ಯಾಶ್ ಅಥವಾ 32 ಮೆಗಾಬೈಟ್ ರ್‍ಯಾಮ್ ಸಾಲದು. 8 ಮತ್ತು 64 ಕೂಡ ಇಕ್ಕಟ್ಟು. ಕನಿಷ್ಠ 16 ಮೆಗಾಬೈಟ್ ಫ್ಲ್ಯಾಶ್ ಮತ್ತು 128 ಮೆಗಾಬೈಟ್ ರ್‍ಯಾಮ್ ಇದ್ದರೆ ನಿಶ್ಚಿಂತೆ. ಯೋಜನೆಯ ಜಾಲತಾಣದಲ್ಲಿರುವ ಉಪಕರಣಗಳ ಪಟ್ಟಿಯಲ್ಲಿ ತಮ್ಮ ಆವೃತ್ತಿ ಇದ್ದರೆ ಮಾತ್ರ ಮುಂದುವರಿಯಬೇಕು. ಆಸುಸ್ ಕಂಪನಿಯ ಕೆಲವು ಮಾದರಿಗಳನ್ನು ಹೊಂದಿರುವವರಿಗೆ, ಮೂಲ ಫರ್ಮ್‌ವೇರಿನ ರೂಪವನ್ನೇ ಉಳಿಸಿಕೊಂಡು ಪರಿಷ್ಕರಿಸಿದ ಆಸುಸ್‌ಡಬ್ಲ್ಯುಆರ್‌ಟಿ-ಮರ್ಲಿನ್ ಎಂಬ ಮಧ್ಯಮ ಮಾರ್ಗವೂ ಇದೆ.

ಫೈಬರ್ ಸಂಪರ್ಕದೊಡನೆ ಸೇವಾ ಕಂಪನಿಯವರು ತಂದಿಟ್ಟ ಪೆಟ್ಟಿಗೆಯನ್ನು ಮಾತ್ರ ಮುಟ್ಟಬಾರದು. ಅದು ಸಾಮಾನ್ಯವಾಗಿ ಅವರದೇ ಸೊತ್ತು. ಅದು ಕೆಟ್ಟರೆ ಸಂಪರ್ಕವೂ ಹೋಯಿತು, ದಂಡವೂ ಬಂದೀತು. ಅದರ ಹಿಂದೆ ನಮ್ಮ ಸ್ವಂತ ರೂಟರನ್ನು ಜೋಡಿಸಿ ಪ್ರಯೋಗ ನಡೆಸುವುದೇ ಸರಿ.

ಅಳವಡಿಸುವ ಕ್ರಮ

1. ಯೋಜನೆಯ ಅಧಿಕೃತ ಜಾಲತಾಣದಿಂದಲೇ ಕಡತವನ್ನು ಇಳಿಸಿಕೊಳ್ಳಬೇಕು. ಮೊದಲ ಬಾರಿಗೆ, ಅಂದರೆ ತಯಾರಕರ ಫರ್ಮ್‌ವೇರಿನಿಂದ ಬದಲಿಸುವಾಗ, ಸಾಮಾನ್ಯವಾಗಿ ಹೆಸರಿನಲ್ಲಿ 'ಫ್ಯಾಕ್ಟರಿ' ಎಂದಿರುವ ಕಡತ ಬೇಕು. 'ಸಿಸ್‌ಅಪ್‌ಗ್ರೇಡ್' ಎಂದಿರುವುದು ಈಗಾಗಲೇ ಬದಲಿಸಿದವರು ಮುಂದಿನ ಆವೃತ್ತಿಗೆ ಹೋಗಲು.

2. ಕಡತದ ಪಕ್ಕದಲ್ಲಿ ಎಸ್‌ಎಚ್‌ಎ256 ಎಂಬ ಅಕ್ಷರ-ಅಂಕಿಗಳ ಸರಣಿ ಇರುತ್ತದೆ. ಇಳಿಸಿಕೊಂಡ ಕಡತದ ಸರಣಿಯನ್ನು ಅದರೊಡನೆ ತಾಳೆ ನೋಡಬೇಕು. ಚೆಕ್ಕಿನ ಮೇಲಿನ ಸಹಿಯನ್ನು ತಾಳೆ ನೋಡುವುದು ಎಷ್ಟು ಅಗತ್ಯವೋ ಇದೂ ಅಷ್ಟೇ ಅಗತ್ಯ.

3. ತಯಾರಕರ ಮೂಲ ಫರ್ಮ್‌ವೇರಿನ ಪ್ರತಿ, ಸಂಪರ್ಕದ ಬಳಕೆದಾರ ಹೆಸರು ಮತ್ತು ಗುಪ್ತಪದ, ಆ ಮಾದರಿಯನ್ನು ದುರಸ್ತಿಗೊಳಿಸುವ ಸೂಚನೆ ಇವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಅಂತರ್ಜಾಲ ಹೋದ ಮೇಲೆ ಹುಡುಕಲಾಗದು.

4. ಗಣಕಯಂತ್ರವನ್ನು ರೂಟರಿನ ಲ್ಯಾನ್ ಕಿಂಡಿಗೆ ತಂತಿಯ ಮೂಲಕವೇ ಜೋಡಿಸಬೇಕು, ವೈ-ಫೈ ಮೂಲಕ ಅಲ್ಲ. ರೂಟರಿನ ವಿದ್ಯುತ್ತನ್ನು ಇನ್ವರ್ಟರ್ ಅಥವಾ ಯುಪಿಎಸ್ ಇರುವ ಪ್ಲಗ್ಗಿನಿಂದ ತೆಗೆದುಕೊಳ್ಳುವುದು ಲೇಸು.

5. ರೂಟರಿನ ನಿರ್ವಹಣಾ ಪುಟದಲ್ಲಿ ಫರ್ಮ್‌ವೇರ್ ನವೀಕರಣ ಎಂಬಲ್ಲಿ ಹೊಸ ಕಡತವನ್ನು ಕೊಟ್ಟು ಕಾಯಬೇಕು. ಐದಾರು ನಿಮಿಷ ಹಿಡಿಯಬಹುದು. ಈ ಅವಧಿಯಲ್ಲಿ ಪ್ಲಗ್ ತೆಗೆಯುವುದೇ ಅತಿ ದೊಡ್ಡ ಅನಾಹುತ. ಕೆಲವು ಮಾದರಿಗಳಿಗೆ ಈ ದಾರಿ ಹೊಂದದು. ಅವಕ್ಕೆ ಉಪಕರಣದ ಪುಟದಲ್ಲಿ ಬೇರೆ ಕ್ರಮ ಬರೆದಿರುತ್ತದೆ.

6. ಓಪನ್‌ಡಬ್ಲ್ಯುಆರ್‌ಟಿ ಆರಂಭವಾದ ಬಳಿಕ 192.168.1.1 ಎಂಬ ವಿಳಾಸವನ್ನು ತೆರೆದು 'ರೂಟ್' ಎಂಬ ಹೆಸರಿನಲ್ಲಿ ಒಳಹೋಗಬೇಕು. ಗುಪ್ತಪದವಿರುವುದಿಲ್ಲ, ಮೊದಲು ಅದನ್ನು ನಿಗದಿಪಡಿಸಬೇಕು. ಸಾಮಾನ್ಯವಾಗಿ ವೈ-ಫೈ ಆರಂಭದಲ್ಲಿ ನಿಷ್ಕ್ರಿಯವಾಗಿರುವುದರಿಂದ ಸಂಕೇತ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ದೇಶವನ್ನು ಭಾರತ ಎಂದು ಆರಿಸಿ, ಗುಪ್ತಪದ ಕೊಟ್ಟು ಅದನ್ನು ಸಕ್ರಿಯಗೊಳಿಸಬೇಕು.

7. ಕಂಪನಿಯ ಫೈಬರ್ ಪೆಟ್ಟಿಗೆಯ ವಿಳಾಸವೂ 192.168.1.1 ಆಗಿದ್ದರೆ ಎರಡಕ್ಕೂ ತಿಕ್ಕಾಟವಾಗಿ ಅಂತರ್ಜಾಲ ಬರುವುದಿಲ್ಲ. ಹೊಸ ರೂಟರಿನ ವಿಳಾಸವನ್ನು 192.168.2.1 ಎಂದು ಬದಲಿಸಿದರೆ ಸಮಸ್ಯೆ ತೀರುತ್ತದೆ.

ಕೆಟ್ಟರೆ?

ತಪ್ಪು ಕಡತ ಅಥವಾ ನಡುವೆ ಕಡಿದ ವಿದ್ಯುತ್ತಿನಿಂದ ರೂಟರು ಏಳದೆ ಹೋಗಬಹುದು. ಹವ್ಯಾಸಿಗಳು ಇದನ್ನು 'ಇಟ್ಟಿಗೆಯಾಯಿತು' ಎನ್ನುತ್ತಾರೆ. ಆದರೂ ಕೂಡಲೇ ಗುಜರಿಗೆ ಹಾಕಬೇಕಾಗಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಅರ್ಧಂಬರ್ಧ ಏಳುತ್ತಿದ್ದರೆ, ಆರಂಭದಲ್ಲಿ ದೀಪ ಮಿನುಗುವಾಗ ಗುಂಡಿ ಒತ್ತಿ ಫೇಲ್‌ಸೇಫ್ ಎಂಬ ಸ್ಥಿತಿಗೆ ಹೋಗಿ ಸೆಟ್ಟಿಂಗ್‌ಗಳನ್ನು ಸರಿಪಡಿಸಬಹುದು. ಅದೂ ಇಲ್ಲವಾದರೆ ಹಲವು ಮಾದರಿಗಳ ಬೂಟ್‌ಲೋಡರು ಟಿಎಫ್‌ಟಿಪಿ ಎಂಬ ವಿಧಾನದಿಂದ ಮೂಲ ಫರ್ಮ್‌ವೇರನ್ನು ಮತ್ತೆ ಸ್ವೀಕರಿಸುತ್ತದೆ. ಕೊನೆಯ ದಾರಿ ಪೆಟ್ಟಿಗೆ ಬಿಚ್ಚಿ ಒಳಗಿನ ಸೀರಿಯಲ್ ಪಿನ್ನುಗಳಿಗೆ ತಂತಿ ಜೋಡಿಸುವುದು. ಅದು ಕೈಪಳಗಿದವರ ಕೆಲಸ.

ಕಾನೂನು ಮತ್ತು ಖಾತರಿ

ತಾವು ಕೊಂಡ ರೂಟರಿನ ಫರ್ಮ್‌ವೇರ್ ಬದಲಿಸಿದರೆ ಬಹುಮಟ್ಟಿಗೆ ತಯಾರಕರು ವಾರಂಟಿಯನ್ನು ನಿರಾಕರಿಸುತ್ತಾರೆ. ಆದುದರಿಂದ ವಾರಂಟಿ ಮುಗಿದ ಪೆಟ್ಟಿಗೆಯೇ ಇದಕ್ಕೆ ಯೋಗ್ಯ. ರೇಡಿಯೋ ಶಕ್ತಿಯ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿಯೂ, 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತೃತ ಭಾಗಗಳನ್ನು 2018ರಲ್ಲಿಯೂ ಪರವಾನಗಿಯಿಂದ ಮುಕ್ತಗೊಳಿಸಿದ್ದರೂ ಶಕ್ತಿಯ ಮಿತಿಗಳು ಇದ್ದೇ ಇವೆ. ಬೇರೆ ದೇಶದ ಹೆಸರು ಆರಿಸಿ ಮಿತಿ ಮೀರುವುದು ಕಾನೂನುಬಾಹಿರ. ಅಮೆರಿಕದಲ್ಲಿ ಇದೇ ಶಕ್ತಿ ಮಿತಿಯ ಉಲ್ಲಂಘನೆಗಾಗಿ ಟಿಪಿ-ಲಿಂಕ್ ಕಂಪನಿ 2016ರಲ್ಲಿ 2 ಲಕ್ಷ ಡಾಲರ್ ತೆರಬೇಕಾಯಿತು. ಆದರೆ ಗ್ರಾಹಕರು ಹೊರಗಿನ ಫರ್ಮ್‌ವೇರ್ ಹಾಕಿಕೊಳ್ಳಲು ಆಸ್ಪದ ಕೊಡುವ ನಿಟ್ಟಿನಲ್ಲಿ ಕೆಲಸ ಮಾಡುವುದಾಗಿ ಅದೇ ಒಪ್ಪಂದದಲ್ಲಿ ಕಂಪನಿ ಮಾತು ಕೊಟ್ಟದ್ದು ಗಮನಾರ್ಹ.

ಯಾರಿಗೆ ಇದು ಹಿತ?

ಹೊಸ ಫರ್ಮ್‌ವೇರ್ ಹಾಕುವುದು ಒಂದು ಸಂಜೆಯ ಕೆಲಸ. ಅದನ್ನು ನೋಡಿಕೊಳ್ಳುವುದು ವರ್ಷಗಳ ಕೆಲಸ. ಓಪನ್‌ಡಬ್ಲ್ಯುಆರ್‌ಟಿ ತಾನಾಗಿಯೇ ನವೀಕರಣಗೊಳ್ಳುವುದೆಂದು ಕೈಕಟ್ಟಿ ಕೂರುವಂತಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ, ಸೆಟ್ಟಿಂಗ್‌ಗಳ ಪ್ರತಿಯನ್ನು ಉಳಿಸಿಕೊಂಡು, ನಾವೇ ಅಳವಡಿಸಬೇಕು. ಹಾಕಿ ಮರೆತರೆ, ತಯಾರಕರು ಮಾಡಿದ ಅಲಕ್ಷ್ಯವನ್ನೇ ನಾವೂ ಮುಂದುವರಿಸಿದಂತಾಯಿತು.

ಇದಕ್ಕೆ ಬಿಡುವಾಗಲಿ ಆಸಕ್ತಿಯಾಗಲಿ ಇಲ್ಲದವರು ಸಂಕೋಚಪಡಬೇಕಿಲ್ಲ. ತಯಾರಕರ ಜಾಲತಾಣದಲ್ಲಿ ತಮ್ಮ ಮಾದರಿಗೆ ಕೊನೆಯ ನವೀಕರಣ ಯಾವಾಗ ಬಂತೆಂದು ನೋಡಿ, ಅದು ನಿಂತುಹೋಗಿದ್ದರೆ ತಾನಾಗಿಯೇ ನವೀಕರಣಗೊಳ್ಳುವ ಹೊಸ ರೂಟರನ್ನು ಕೊಳ್ಳುವುದು ಅವರಿಗೆ ಯೋಗ್ಯ. ಆಸಕ್ತಿಯುಳ್ಳವರು ಮನೆಯ ಏಕೈಕ ರೂಟರಿನ ಮೇಲೆ ಕೈಯಿಡದೆ, ಕಪಾಟಿನಲ್ಲಿ ಧೂಳು ಹಿಡಿದಿರುವ ಹಳೆಯದರಿಂದ ಆರಂಭಿಸಲಿ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಸರಿ, ಇಂದು ಸಂಜೆ ರೂಟರನ್ನು ಒಮ್ಮೆ ಮಗುಚಿ ಅದರ ಅಡಿಯ ಚೀಟಿಯನ್ನು ಓದುವ ಕೆಲಸವನ್ನಂತೂ ಎಲ್ಲರೂ ಮಾಡಬಹುದು.